ಆರಿಝೋನಾದಲ್ಲಿ ನಮ್ಮ ಮನೆಗಾಡಿ

ಯಾತ್ರೆಗೆ ಹೊರಡುವವನು ಮನೆಗೆ ಬೀಗ ಹಾಕಿ ಹೊರಡುವುದು ನಮ್ಮ ವಾಡಿಕೆ. ಮನೆಯನ್ನೇ ಗಾಲಿಗಳ ಮೇಲೆ ಕೂರಿಸಿಕೊಂಡು ಹೊರಡುವುದು ಅಮೆರಿಕದವರಲ್ಲಿ ಅನೇಕರ ವಾಡಿಕೆ. ಹಾಗೆಂದು ಇದು ನಮಗೆ ತೀರ ಹೊಸದೆಂದು ಹೇಳಲಾಗದು. ನನ್ನ ಅಜ್ಜನವರು ನಂಜನಗೂಡಿನ ದೊಡ್ಡ ಜಾತ್ರೆಗೆ ಹೋಗುವಾಗ ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಅಕ್ಕಿ ಬೇಳೆ ಪಾತ್ರೆ ಪದಾರ್ಥಗಳನ್ನು ತುಂಬಿ, ಗಾಡಿಯ ಅಡಿಯಲ್ಲಿ ಲಾಂದ್ರವನ್ನು ತೂಗಹಾಕಿ ಹೊರಡುತ್ತಿದ್ದರಂತೆ. ಆ ಲಾಂದ್ರದಲ್ಲಿ ಎಣ್ಣೆ ಇದೆಯೇ ಎಂದು ನೋಡುವುದು ಮನೆಯ ಹಿರಿಯನ ಹೊಣೆ. ಅವರ ಮೊಮ್ಮಗನಾದ ನಾನು ಪರದೇಶದಲ್ಲಿ, ಬೇರೊಂದು ಬಗೆಯ ಗಾಡಿಯಲ್ಲಿ, ಆ ಹೊಣೆಯಲ್ಲಿ ತಪ್ಪಿದೆನು. ಅದರಿಂದ ಆದ ಕಷ್ಟವನ್ನೂ ಕಲಿತ ಪಾಠವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೨೦೨೪ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ನಾನೂ ನನ್ನ ಮಡದಿಯೂ ಆರಿಝೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ಮಗಳ ಮನೆಯಲ್ಲಿದ್ದೆವು. ಮಗಳೂ ಅಳಿಯಂದಿರೂ ಹಿಂದಿನ ವರ್ಷ ಮತ್ತೊಬ್ಬರು ಬಳಸಿ ಮಾರಿದ ಮೋಟಾರ್‌ಹೋಮ್ ಒಂದನ್ನು ಕೊಂಡಿದ್ದರು. ಮೋಟಾರ್‌ಹೋಮ್ ಎಂದರೆ ಮನೆಗಾಡಿ. ನಮ್ಮ ಊರಿನ ಬಸ್ಸಿಗಿಂತ ಸ್ವಲ್ಪ ಗಿಡ್ಡ. ಒಳಗೆ ಎರಡು ಮಂಚ, ಅಡಿಗೆಯ ಒಲೆ, ತಂಪುಪೆಟ್ಟಿಗೆ, ಬಚ್ಚಲು, ನೀರಿನ ತೊಟ್ಟಿ ಎಲ್ಲವೂ ಅಚ್ಚುಕಟ್ಟಾಗಿ ಅಡಕವಾಗಿರುವುವು. ನನ್ನ ಮಡದಿ ಮೊದಲ ದಿನವೇ ಒಳಹೊಕ್ಕು ಡಬ್ಬಿಗಳ ಗೂಡುಗಳನ್ನೆಲ್ಲ ತೆರೆದು ನೋಡಿ, “ನಮ್ಮ ಮೈಸೂರಿನ ಅಡಿಗೆಮನೆಗಿಂತ ಇದೇ ವಾಸಿ” ಎಂದು ತೀರ್ಪು ಕೊಟ್ಟಳು.

ಇಂಥ ಗಾಡಿಯಲ್ಲಿ ಬ್ಯಾಟರಿಗಳು ಎರಡು ಪಂಗಡ. ಒಂದು ಇಂಜಿನ್ನನ್ನು ಎಬ್ಬಿಸುವುದಕ್ಕೆ. ಅದು ಜಟ್ಟಿಯಂತೆ, ಕ್ಷಣಕಾಲ ಮೈಬಲವನ್ನೆಲ್ಲ ತೋರಿಸಿ ಸುಮ್ಮನಾಗುವುದು. ಇನ್ನೊಂದು ಮನೆಯ ಭಾಗಕ್ಕೆ. ಅದು ಗೃಹಿಣಿಯಂತೆ, ಹಗಲಿರುಳೂ ಸ್ವಲ್ಪಸ್ವಲ್ಪವಾಗಿ ಕೊಡುತ್ತಲೇ ಇರಬೇಕು. ನಮ್ಮ ಗಾಡಿಯಲ್ಲಿ ಈ ಎರಡನೆಯ ಪಂಗಡಕ್ಕೆ ಆರು ವೋಲ್ಟಿನ ಎರಡು ದೊಡ್ಡ ಸೀಸದ ಬ್ಯಾಟರಿಗಳನ್ನು ಜೋಡಿಸಿ ಹನ್ನೆರಡು ವೋಲ್ಟಾಗಿ ಮಾಡಿದ್ದರು. ಅವುಗಳ ಶಕ್ತಿ ೨೨೦ ಆಂಪಿಯರ್-ಗಂಟೆ ಎಂದು ಮೇಲೆ ಬರೆದಿತ್ತು. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚುಮಾಡಿದರೆ ಅದರ ಆಯುಸ್ಸು ಬೇಗ ಕುಗ್ಗುವುದಾದ್ದರಿಂದ, ನಿಜವಾಗಿ ಬಳಸತಕ್ಕದ್ದು ೧೧೦ ಎಂದು ಲೆಕ್ಕ. ಒಲೆ, ತಂಪುಪೆಟ್ಟಿಗೆ, ಚಳಿಗೆ ಗಾಳಿಯನ್ನು ಕಾಯಿಸಿ ಊದುವ ಯಂತ್ರ ಇವೆಲ್ಲ ಅನಿಲದಿಂದಲೇ ನಡೆಯುವುವು, ನಿಜ. ಆದರೆ ಗಾಳಿ ಊದುವ ಫ್ಯಾನೂ, ತಂಪುಪೆಟ್ಟಿಗೆಯ ಉರಿಯನ್ನು ಹತ್ತಿಸಿ ಆರಿಸುವ ಉಪಕರಣವೂ ಬ್ಯಾಟರಿಯ ಕೈಯಲ್ಲಿವೆ. ಬ್ಯಾಟರಿ ಸೋತರೆ ಅನಿಲದ ಉರುಳೆ ತುಂಬಿದ್ದರೂ ಪ್ರಯೋಜನವಿಲ್ಲ.

ಹೊರಡುವ ದಿನ ಅಳಿಯಂದಿರು, “ಮಾವ, ನೀವು ವಿಜ್ಞಾನದ ಮೇಷ್ಟರಲ್ಲವೇ, ಬ್ಯಾಟರಿ ಹೇಗಿದೆ ನೋಡಿಬಿಡಿ” ಎಂದರು. ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವನು. ಗಂಭೀರವಾಗಿ ಹೋಗಿ ಗೋಡೆಯ ಮೇಲಿನ ಗುಂಡಿಯನ್ನು ಒತ್ತಿದೆನು. ನಾಲ್ಕು ಪುಟ್ಟ ದೀಪಗಳೂ ಹತ್ತಿಕೊಂಡವು. “ಪೂರ್ತಿ ತುಂಬಿದೆ” ಎಂದೆನು. ಗಾಡಿ ಆಗ ಮನೆಯ ವಿದ್ಯುತ್ತಿಗೆ ತಗಲಿಸಿಕೊಂಡೇ ಇತ್ತು. ಅಂದರೆ ಆ ದೀಪಗಳು ತೋರಿಸಿದ್ದು ಚಾರ್ಜು ಮಾಡುವ ಪೆಟ್ಟಿಗೆಯ ವೋಲ್ಟೇಜನ್ನೇ ಹೊರತು ಬ್ಯಾಟರಿಯ ಹೊಟ್ಟೆಯಲ್ಲಿದ್ದುದನ್ನಲ್ಲ. ಊಟಕ್ಕೆ ಕುಳಿತವನ ಎಲೆಯ ಮೇಲಿನ ಅನ್ನವನ್ನು ನೋಡಿ ಅವನ ಹೊಟ್ಟೆ ತುಂಬಿದೆಯೆಂದು ಹೇಳಿದಂತಾಯಿತು.

ಫೀನಿಕ್ಸಿನಿಂದ ಉತ್ತರಕ್ಕೆ ಹೋಗುವ ದಾರಿ ನೋಡತಕ್ಕದ್ದು. ಆಳೆತ್ತರಕ್ಕೆ ನಾಲ್ಕೈದು ಪಾಲು ಬೆಳೆದು ಕೈಗಳನ್ನು ಮೇಲೆತ್ತಿ ನಿಂತಿರುವ ಸಗ್ವಾರೋ ಕಳ್ಳಿಗಳು ಮೊದಲು ಎದುರಾಗುವುವು. ದಾರಿ ಏರುತ್ತ ಹೋದಂತೆ ಕಳ್ಳಿ ಮರೆಯಾಗಿ ಕುರುಚಲು, ಕುರುಚಲು ಮರೆಯಾಗಿ ಪೈನ್ ಮರಗಳ ದಟ್ಟ ಕಾಡು. ಸಮುದ್ರಮಟ್ಟದಿಂದ ಮುನ್ನೂರು ಚಿಲ್ಲರೆ ಮೀಟರಿನಲ್ಲಿದ್ದ ನಾವು ಎರಡು ಮೂರು ಗಂಟೆಗಳೊಳಗೆ ಫ್ಲಾಗ್‌ಸ್ಟಾಫ್ ಊರನ್ನು ಸೇರಿ ೨,೧೦೦ ಮೀಟರಿನಲ್ಲಿದ್ದೆವು. ರಸ್ತೆಯ ಬದಿಯಲ್ಲಿ ಹಿಮ ಬಿದ್ದಿತ್ತು. ಅಲ್ಲಿಂದ ಮುಂದೆ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರದ ದಕ್ಷಿಣ ಅಂಚು.

ಆ ಕಂದರವನ್ನು ವರ್ಣಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಕೊಲರಾಡೋ ನದಿ ಕೊರೆದ ಆ ಕಣಿವೆಯ ಉದ್ದ ೪೪೬ ಕಿಲೋಮೀಟರು. ಆಳ ಒಂದು ಮೈಲಿಗೂ ಹೆಚ್ಚು. ನಮಗೆ ಅಚ್ಚರಿಯೆನಿಸಿದ್ದು ಅಲ್ಲಿನ ಶಿಖರಗಳ ಹೆಸರುಗಳು. ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್ ಎಂದು ನಕ್ಷೆಯಲ್ಲೇ ಬರೆದಿದೆ. ೧೮೮೦ರ ದಶಕದಲ್ಲಿ ಈ ಪ್ರದೇಶವನ್ನು ಪರಿಶೀಲಿಸಿದ ಕ್ಲಾರೆನ್ಸ್ ಡಟನ್ ಎಂಬ ಭೂಶಾಸ್ತ್ರಜ್ಞನು, ಇಷ್ಟು ಭವ್ಯವಾದ ಕಲ್ಲುಗಳಿಗೆ ಪೌರಸ್ತ್ಯ ದೇವತೆಗಳ ಹೆಸರೇ ಸಲ್ಲುವುದೆಂದು ಬಗೆದು ಈ ಪದ್ಧತಿಯನ್ನು ತೊಡಗಿಸಿದನಂತೆ. ನನ್ನ ಮಡದಿ ಅಂಚಿನ ಕಟಕಟೆಯ ಬಳಿ ನಿಂತು, ಸಂಜೆಯ ಬಿಸಿಲಿನಲ್ಲಿ ಕೆಂಪಾದ ವಿಷ್ಣುವಿನ ಶಿಖರಕ್ಕೆ ಕೈಮುಗಿದಳು.

ರಾತ್ರಿ ನಾವು ತಂಗಿದ್ದು ಮ್ಯಾದರ್ ಎಂಬ ಬಿಡಾರದ ತೋಪಿನಲ್ಲಿ. ಅಲ್ಲಿ ಗಾಡಿಗಳಿಗೆ ವಿದ್ಯುತ್ತಿನ ಸಂಪರ್ಕವಿಲ್ಲ. ಜನರೇಟರನ್ನು ನಡೆಸಲು ಬೆಳಿಗ್ಗೆ ಸಂಜೆ ಗೊತ್ತಾದ ಹೊತ್ತು ಮಾತ್ರ ಅಪ್ಪಣೆ. ನಮಗೆ ಅದರ ಚಿಂತೆ ಇರಲಿಲ್ಲ. ನಾಲ್ಕು ಗಂಟೆಗಳ ಕಾಲ ಇಂಜಿನ್ ನಡೆದಿದೆ. ದಾರಿಯುದ್ದಕ್ಕೂ ಬ್ಯಾಟರಿ ಚಾರ್ಜಾಗಿದೆ. ಮೇಲಾಗಿ ಮೇಷ್ಟರು ಪರೀಕ್ಷಿಸಿದ್ದಾರೆ. ಸಾರು ಅನ್ನ ಉಂಡು ಮಲಗಿದೆವು.

ಮೂರು ಗಂಟೆಯ ಹೊತ್ತಿಗೆ ಕಿರುಗುಟ್ಟುವ ಸದ್ದಿಗೆ ಎಚ್ಚರವಾಯಿತು. ಅನಿಲ ಸೋರಿದರೆ ಎಚ್ಚರಿಸುವ ಯಂತ್ರವು, ತನಗೆ ಬರುವ ವಿದ್ಯುತ್ತು ಸಾಲದೆಂದು ಗೋಳಾಡುತ್ತಿತ್ತು. ಬಿಸಿಗಾಳಿ ನಿಂತುಹೋಗಿತ್ತು. ದೀಪದ ಗುಂಡಿ ಒತ್ತಿದರೆ ಮಿಣುಕು. ಜನರೇಟರನ್ನು ಎಬ್ಬಿಸೋಣವೆಂದರೆ ಆ ಹೊತ್ತಿನಲ್ಲಿ ಅದು ನಿಷಿದ್ಧ. ಅಪ್ಪಣೆ ಇದ್ದರೂ ಆಗುತ್ತಿರಲಿಲ್ಲ, ಏಕೆಂದರೆ ಅದನ್ನು ಎಬ್ಬಿಸುವುದೂ ಸತ್ತುಹೋಗಿದ್ದ ಆ ಬ್ಯಾಟರಿಯೇ. ಹೊರಗೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ ಚಳಿ.

ಮಗಳು ಅಡಿಗೆಯ ಒಲೆಯನ್ನು ಹತ್ತಿಸಿ ಗಾಡಿಯನ್ನು ಬೆಚ್ಚಗೆ ಮಾಡೋಣವೆಂದಳು. ಅದನ್ನು ಮಾತ್ರ ನಾನು ಬೇಡವೆಂದು ತಡೆದೆನು. ಮುಚ್ಚಿದ ಗಾಡಿಯಲ್ಲಿ ಉರಿಯುವ ಒಲೆ ಗಾಳಿಯನ್ನು ಕೆಡಿಸುವುದು. ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ರೆಯಲ್ಲೇ ಪ್ರಾಣ ತೆಗೆದುಕೊಳ್ಳುವುದು. ಎಚ್ಚರಿಸಬೇಕಾದ ಯಂತ್ರಗಳೇ ಕುಗ್ಗಿರುವ ರಾತ್ರಿಯಲ್ಲಿ ಅಂಥ ಸಾಹಸ ಸಲ್ಲದು.

ಆಗ ನನ್ನ ಮಡದಿ ಎದ್ದು ಕತ್ತಲಲ್ಲಿ ತಡವಿಕೊಂಡು ಹೋಗಿ ತಂಪುಪೆಟ್ಟಿಗೆಯನ್ನು ತೆರೆದಳು. ಅವಳು ಹನ್ನೆರಡು ವರ್ಷಗಳಿಂದ ಮಧುಮೇಹದವಳು. ಮೂರು ವಾರಕ್ಕಾಗುವ ಇನ್ಸುಲಿನ್ ಅದರಲ್ಲಿತ್ತು. ಆ ಔಷಧಿ ಸೆಕೆಗೆ ಕೆಡುವುದೆಂಬುದನ್ನು ಎಲ್ಲರೂ ಬಲ್ಲರು. ಒಮ್ಮೆ ಹೆಪ್ಪುಗಟ್ಟಿದರೂ ಅದು ನಿಷ್ಪ್ರಯೋಜಕವಾಗುವುದೆಂಬುದನ್ನು ಬಲ್ಲವರು ಕಡಮೆ. ಅವಳು ಸೀಸೆಗಳನ್ನು ಒಂದೊಂದಾಗಿ ಉಣ್ಣೆಯ ಶಾಲಿನಲ್ಲಿ ಸುತ್ತಿ, ಎಳೆಗೂಸನ್ನು ಮಲಗಿಸಿಕೊಳ್ಳುವಂತೆ ಹೊದಿಕೆಯೊಳಗೆ ಪಕ್ಕದಲ್ಲಿಟ್ಟುಕೊಂಡು ಬೆಳಗಾಗುವವರೆಗೂ ಕುಳಿತೇ ಇದ್ದಳು. ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಒಳಗಿನ ಉಷ್ಣಮಾಪಕ ಎರಡು ಡಿಗ್ರಿ ತೋರಿಸುತ್ತಿತ್ತು. ಔಷಧಿ ಉಳಿಯಿತು, ನನ್ನ ಮೇಷ್ಟರಿಕೆಯ ಮಾನ ಉಳಿಯಲಿಲ್ಲ.

ಇಂಜಿನ್ನಿನ ಬ್ಯಾಟರಿ ಬೇರೆಯಾದುದರಿಂದ ಗಾಡಿಯೇನೋ ಹೊರಟಿತು. ಚಳಿಯ ಸಹವಾಸವೇ ಬೇಡವೆಂದು ಪಶ್ಚಿಮಕ್ಕೆ ಇಳಿದು, ಕಿಂಗ್‌ಮನ್ ಎಂಬ ಊರನ್ನು ದಾಟಿ, ಲೇಕ್ ಹವಾಸು ಸರೋವರದ ದಡದಲ್ಲಿ ಊಟಕ್ಕೆ ನಿಂತೆವು. ಅಲ್ಲಿ ಲಂಡನ್ನಿನ ಥೇಮ್ಸ್ ನದಿಯ ಮೇಲಿದ್ದ ಹಳೆಯ ಸೇತುವೆ ಇದೆಯೆಂದರೆ ನಂಬುವಿರಾ? ೧೯೬೮ರಲ್ಲಿ ಅದನ್ನು ಕೊಂಡು, ಕಲ್ಲುಗಳಿಗೆ ಗುರುತು ಹಾಕಿ, ಹಡಗಿನಲ್ಲಿ ತಂದು ೧೯೭೧ರಲ್ಲಿ ಈ ಮರಳುಗಾಡಿನಲ್ಲಿ ಮತ್ತೆ ನಿಲ್ಲಿಸಿದರು. ಮರುದಿನ ಪಾರ್ಕರ್ ಮಾರ್ಗವಾಗಿ ಕ್ವಾರ್ಟ್ಸ್‌ಸೈಟ್ ಎಂಬ ಸಣ್ಣ ಊರನ್ನು ಸೇರಿದೆವು.

ಮನೆಗಾಡಿಯವರಿಗೆ ಕ್ವಾರ್ಟ್ಸ್‌ಸೈಟ್ ಒಂದು ಕ್ಷೇತ್ರವೇ ಸರಿ. ಬೇಸಗೆಯಲ್ಲಿ ಬಿಕೋ ಎನ್ನುವ ಈ ಊರಿಗೆ ಚಳಿಗಾಲದಲ್ಲಿ ಉತ್ತರದ ಹಿಮಪ್ರದೇಶಗಳಿಂದ ಸಾವಿರಾರು ಗಾಡಿಗಳು ಬಂದು ಬಯಲಿನಲ್ಲಿ ಬೀಡುಬಿಡುವುವು. ಊರಿನ ದಕ್ಷಿಣಕ್ಕಿರುವ ಲಾ ಪೋಸಾ ಎಂಬ ಸರ್ಕಾರಿ ಬಯಲಿನಲ್ಲಿ ಗೊತ್ತಾದ ಹಣ ತೆತ್ತವರು ಸೆಪ್ಟೆಂಬರ್ ೧೫ರಿಂದ ಏಪ್ರಿಲ್ ೧೫ರವರೆಗೆ ಇರಬಹುದು. ಊರಿನ ಸ್ಮಶಾನದಲ್ಲಿ ಒಂಟೆಯ ಪ್ರತಿಮೆಯನ್ನು ಹೊತ್ತ ಕಲ್ಲಿನ ಗೋಪುರವೊಂದಿದೆ. ಮರುಭೂಮಿಯಲ್ಲಿ ಸಾಮಾನು ಸಾಗಿಸಲೆಂದು ಅಮೆರಿಕದ ಸೈನ್ಯವು ೧೮೫೬ರಲ್ಲಿ ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿ ಎಂಬ ಒಂಟೆಗಾರನ ಸಮಾಧಿ ಅದು. ಅಲ್ಲಿನವರ ಬಾಯಲ್ಲಿ ಅವನ ಹೆಸರು ‘ಹೈ ಜಾಲಿ’ ಎಂದಾಗಿದೆ. ಅವನು ತೀರಿಕೊಂಡದ್ದು ೧೯೦೨ರಲ್ಲಿ.

ಆ ಬಯಲಿನಲ್ಲಿ ವಿದ್ಯುತ್ತಿನ ಕಂಬವಿಲ್ಲ. ಆದರೂ ಸಂಜೆ ಎಲ್ಲ ಗಾಡಿಗಳಲ್ಲೂ ದೀಪ. ನಮ್ಮ ಪಕ್ಕದಲ್ಲಿ ಬೀಡುಬಿಟ್ಟಿದ್ದ ವೃದ್ಧರೊಬ್ಬರು, ಟೆಲಿಫೋನಿನ ತಂತಿಗಳನ್ನು ರಿಪೇರಿ ಮಾಡುವ ಕೆಲಸದಿಂದ ನಿವೃತ್ತರಾದವರು, ನಮ್ಮ ಗಾಡಿಯಲ್ಲಿ ಬೆಳಕಿಲ್ಲದ್ದನ್ನು ನೋಡಿ ತಾವಾಗಿಯೇ ಬಂದು ವಿಚಾರಿಸಿದರು. ಅಳಿಯಂದಿರು, ಈ ಬ್ಯಾಟರಿಗಳನ್ನು ಎಸೆದು ಬೆಲೆಬಾಳುವ ಲಿಥಿಯಂ ಬ್ಯಾಟರಿಗಳನ್ನು ಕೊಂಡುಬಿಡುವೆನೆಂದರು. ವೃದ್ಧರು ನಕ್ಕು, “ಬ್ಯಾಟರಿ ಕೊಳ್ಳಬೇಕಾಗಬಹುದು. ಆದರೆ ಮೊದಲು ದಾರಿಯನ್ನು ನೋಡೋಣ. ದಾರಿ ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ವರ್ಷದೊಳಗೆ ಹಳೆಯದಾಗುವುದು” ಎಂದರು.

ಬೆಳಿಗ್ಗೆ ಇಂಜಿನ್ನನ್ನು ನಡೆಸಿ ಅವರು ಅಳೆಯುವ ಯಂತ್ರವನ್ನು ನನ್ನ ಕೈಗೇ ಕೊಟ್ಟರು. ಇಂಜಿನ್ನಿನ ಬಳಿ ೧೪.೩ ವೋಲ್ಟು. ಹಿಂಭಾಗದ ಮನೆಯ ಬ್ಯಾಟರಿಯ ಬಳಿ ೧೩.೨. ಹರಿಯುತ್ತಿದ್ದುದು ಸುಮಾರು ೧೬ ಆಂಪಿಯರು. ಮಧ್ಯೆ ಒಂದು ವೋಲ್ಟಿಗೂ ಹೆಚ್ಚು ಎಲ್ಲಿ ಹೋಯಿತು? ಗಾಡಿಯ ಅಡಿಗೆ ನುಗ್ಗಿ ನೋಡಿದಾಗ ತಿಳಿಯಿತು: ಐದು ಚದರ ಮಿಲಿಮೀಟರಿನ ಸಪುರಾದ ತಂತಿ, ಏಳು ಮೀಟರು ಹೋಗಿ ಏಳು ಮೀಟರು ಬರಬೇಕು, ಸಾಲದುದಕ್ಕೆ ಎರಡು ಕಡೆ ಹಸಿರುಗಟ್ಟಿದ ಸಂದುಗಳು. ತಂತಿಯಲ್ಲೇ ಮುಕ್ಕಾಲು ವೋಲ್ಟು, ಸಂದುಗಳಲ್ಲಿ ಉಳಿದದ್ದು ಕರಗುತ್ತಿತ್ತು. ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಓಮನ ನಿಯಮವನ್ನು ಬರೆದವನಿಗೆ ಅದು ಮಗಳ ಗಾಡಿಯ ಅಡಿಯಲ್ಲಿ ಧೂಳು ಮೆತ್ತಿಕೊಂಡು ಕುಳಿತಿದ್ದರೆ ಗುರುತು ಹತ್ತಲಿಲ್ಲ!

ನಮ್ಮ ಮಂಡ್ಯದ ರೈತನಿಗಾದರೆ ಇದನ್ನು ವಿವರಿಸಬೇಕಾಗಿಲ್ಲ. ಕಟ್ಟೆ ತುಂಬಿದ್ದರೂ ನಾಲೆಯ ಕೊನೆಯ ಗದ್ದೆಗೆ ನೀರು ಬಾರದೆಂಬುದನ್ನು ಅವನು ಬಲ್ಲನು. ಮೈಸೂರಿನವರಿಗೆ ಇನ್ನೊಂದು ನಿದರ್ಶನವೂ ಉಂಟು. ಹಾಜಿ ಅಲಿ ತೀರಿಕೊಂಡ ಅದೇ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ದೂರ ಅದು ಸೋರದೆ ತಲುಪಿದ್ದೇಕೆ? ಮೂವತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡದಲ್ಲಿ ಅದನ್ನು ಕಳುಹಿಸಿದ್ದರಿಂದ. ಒತ್ತಡ ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಕಡಮೆ ಪ್ರವಾಹದಲ್ಲಿ ಸಾಗಿಸಬಹುದು. ಪ್ರವಾಹ ಕಡಮೆಯಾದಷ್ಟೂ ದಾರಿಯಲ್ಲಿ ನಷ್ಟ ಕಡಮೆ. ಮನೆಗಾಡಿಯಲ್ಲಿರುವುದು ಹನ್ನೆರಡೇ ವೋಲ್ಟು. ಆದ್ದರಿಂದ ಪ್ರವಾಹ ಹೆಚ್ಚು, ನಷ್ಟವೂ ಹೆಚ್ಚು. ಅಲ್ಲಿ ಏಳು ಮೀಟರೆಂಬುದೇ ಬಲು ದೂರ.

“ಒಂದು ವೋಲ್ಟು ತಾನೆ?” ಎಂದು ಮಗಳು ಕೇಳಿದಳು. ಆ ಒಂದು ವೋಲ್ಟಿನಲ್ಲೇ ಮರ್ಮವಿದೆ. ಸೀಸದ ಬ್ಯಾಟರಿಯನ್ನು ೧೮೫೯ರಲ್ಲಿ ಫ್ರಾನ್ಸಿನ ಗಾಸ್ತಾನ್ ಪ್ಲಾಂತೆ ಕಂಡುಹಿಡಿದಂದಿನಿಂದ ಅದರ ಸ್ವಭಾವ ಬದಲಾಗಿಲ್ಲ. ತುಂಬಿದ ಬ್ಯಾಟರಿ ಸುಮ್ಮನಿರುವಾಗ ೧೨.೭ ವೋಲ್ಟು ತೋರಿಸುವುದು. ಅರ್ಧವಾದಾಗ ಸುಮಾರು ೧೨.೨. ಅದನ್ನು ಸರಿಯಾಗಿ ತುಂಬಬೇಕಾದರೆ ಚಾರ್ಜಿನ ಒತ್ತಡವನ್ನು ೧೪.೪ರ ಆಸುಪಾಸಿಗೆ ಏರಿಸಿ, ಕೆಲವು ಗಂಟೆಗಳ ಕಾಲ ಅಲ್ಲೇ ಹಿಡಿದು, ಪ್ರವಾಹ ತಾನಾಗಿ ತಗ್ಗಿದ ಮೇಲೆ ೧೩.೫ರ ಹತ್ತಿರಕ್ಕೆ ಇಳಿಸಬೇಕು. ಚಳಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಹಾಲು ಕಾಯಿಸುವವರಿಗೆ ಇದು ಗೊತ್ತು: ಮೊದಲು ದೊಡ್ಡ ಉರಿ, ಉಕ್ಕು ಬಂದ ಮೇಲೆ ಸಣ್ಣ ಉರಿ, ಕಡೆಗೆ ಕೆಂಡ. ಮೊದಲಿನ ಮುಕ್ಕಾಲು ಪಾಲು ಬೇಗ ತುಂಬುವುದು. ಕೊನೆಯ ಕಾಲು ಪಾಲಿಗೆ ಗಂಟೆಗಟ್ಟಲೆ ತಾಳ್ಮೆ ಬೇಕು. ನಮ್ಮ ಗಾಡಿಯಲ್ಲಿ ದಾರಿ ಸಪುರಾದ್ದರಿಂದ ಹಾಲು ಎಂದೂ ಉಕ್ಕುತ್ತಲೇ ಇರಲಿಲ್ಲ. ಮನೆಯ ಮುಂದೆ ನಿಂತಾಗ ಚಾರ್ಜು ಮಾಡುವ ಹಳೆಯ ಪೆಟ್ಟಿಗೆಯೂ ಎಂದೆಂದೂ ೧೩.೬ರಲ್ಲೇ ನಿಂತಿರುವಂಥದು, ಒಂದೇ ಸಣ್ಣ ಉರಿ.

ಅರೆಹೊಟ್ಟೆಯಲ್ಲಿಟ್ಟ ಸೀಸದ ಬ್ಯಾಟರಿಗೆ ಒಂದು ರೋಗ ಹಿಡಿಯುವುದು. ಖರ್ಚಾಗುವಾಗ ಅದರ ಹಲಗೆಗಳ ಮೇಲೆ ಸೀಸದ ಸಲ್ಫೇಟು ಮೃದುವಾಗಿ ಕೂರುವುದು. ಬೇಗ ಚಾರ್ಜು ಮಾಡಿದರೆ ಕರಗುವುದು. ಬಹುಕಾಲ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುವುದು. ನಮ್ಮ ಗಾಡಿ ಹಿಂದಿನ ಬೇಸಗೆಯನ್ನೆಲ್ಲ ಫೀನಿಕ್ಸಿನ ಸುಡುಬಿಸಿಲಿನಲ್ಲಿ ಸಂಪರ್ಕವಿಲ್ಲದೆ ನಿಂತೇ ಕಳೆದಿತ್ತು. ವೃದ್ಧರು ಬ್ಯಾಟರಿಯ ಆಮ್ಲದ ಸಾಂದ್ರತೆಯನ್ನು ಅಳೆಯುವ ಗಾಜಿನ ನಳಿಕೆಯನ್ನು ತಂದರು. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡುವ ಲ್ಯಾಕ್ಟೋಮೀಟರಿನಂಥದೇ ಅದು. ತುಂಬಿದ ಬ್ಯಾಟರಿಯಲ್ಲಿ ೧.೨೬೫ರ ಸುತ್ತ ಇರಬೇಕಾದದ್ದು ನಮ್ಮದರಲ್ಲಿ ದಿನವಿಡೀ ಚಾರ್ಜು ಮಾಡಿದ ಮೇಲೂ ಎರಡು ಕೋಶಗಳಲ್ಲಿ ೧.೧೫೦ನ್ನು ದಾಟಲಿಲ್ಲ. ಹಣೆಯ ಮೇಲೆ ೨೨೦ ಎಂದು ಬರೆದಿದ್ದರೂ ಹೊಟ್ಟೆಯಲ್ಲಿ ಅದರ ಕಾಲು ಪಾಲೂ ಹಿಡಿಯುವಂತಿರಲಿಲ್ಲ. ಚಳಿ ಉಳಿದದ್ದನ್ನೂ ಕುಗ್ಗಿಸಿತ್ತು.

ಮೂರು ದಿನ ಕೆಲಸ ನಡೆಯಿತು. ಮೊದಲನೆಯದಾಗಿ ದಾರಿ: ಸಪುರಾದ ತಂತಿಯನ್ನು ಕಿತ್ತು ಮೂವತ್ತೈದು ಚದರ ಮಿಲಿಮೀಟರಿನ ದಪ್ಪ ತಾಮ್ರದ ತಂತಿಯನ್ನು ಎಳೆದು, ತುದಿಗಳನ್ನು ಭದ್ರವಾಗಿ ಒತ್ತಿ ಕೂರಿಸಿದೆವು. ಆ ತಂತಿಯ ಎರಡು ತುದಿಗಳಲ್ಲೂ ಬ್ಯಾಟರಿ ಇರುವುದರಿಂದ ಎರಡು ತುದಿಗಳಲ್ಲೂ, ಬ್ಯಾಟರಿಯ ಪಕ್ಕದಲ್ಲೇ, ಫ್ಯೂಸು ಬೇಕು. ಒಂದೇ ಕಡೆ ಹಾಕಿದರೆ ತಂತಿ ಉಜ್ಜಿ ತಗುಲಿದಾಗ ಬೆಂಕಿ ಹೊತ್ತಿಕೊಳ್ಳಬಹುದೆಂದು ವೃದ್ಧರು ಎರಡು ಸಲ ಹೇಳಿದರು. ಎರಡನೆಯದಾಗಿ, ೧೩.೬ರ ಹಳೆಯ ಪೆಟ್ಟಿಗೆಯ ಬದಲು ಉರಿಯನ್ನು ತಾನೇ ಹೆಚ್ಚು ಕಡಮೆ ಮಾಡುವ, ಬ್ಯಾಟರಿಯ ಶೀತೋಷ್ಣವನ್ನೂ ಗಮನಿಸುವ ಹೊಸ ಪೆಟ್ಟಿಗೆ. ಮೂರನೆಯದಾಗಿ, ಗಾಡಿಯ ನೆತ್ತಿಯ ಮೇಲೆ ೨೦೦ ವಾಟಿನ ಸೌರಫಲಕವೂ ಅದಕ್ಕೊಂದು ನಿಯಂತ್ರಕವೂ. ಚಳಿಗಾಲದ ಓರೆ ಬಿಸಿಲಿನಲ್ಲಿ ಮಲಗಿರುವ ಫಲಕದಿಂದ ಅಲ್ಲಿ ದಿನಕ್ಕೆ ಸುಮಾರು ೪೦ ಆಂಪಿಯರ್-ಗಂಟೆ ಸಿಕ್ಕಿತು. ಕಡೆಯದಾಗಿ, ಬ್ಯಾಟರಿಗೆ ಹೋದದ್ದು ಬಂದದ್ದು ಎರಡನ್ನೂ ಎಣಿಸುವ ಲೆಕ್ಕದ ಯಂತ್ರ. ನಾಲ್ಕು ದೀಪಗಳ ಆ ಸುಳ್ಳು ಸಾಕ್ಷಿಯನ್ನು ನಾನೇ ಮುಚ್ಚಿ ಅಂಟಿಸಿದೆನು. ಇಷ್ಟಾದ ಮೇಲೆ ಹಳೆಯ ಜೋಡಿಯಂಥದೇ ಹೊಸ ಸೀಸದ ಜೋಡಿಯನ್ನು ಕೊಂಡೆವು.

ಲಿಥಿಯಂ ಬೇಡವಾಯಿತೇಕೆಂದು ವಾಚಕರು ಕೇಳಬಹುದು. ಅದು ಒಳ್ಳೆಯದೇ. ತೂಕ ಕಡಮೆ, ಬೇಗ ತುಂಬುವುದು, ಹೆಚ್ಚು ಪಾಲನ್ನು ಬಳಸಬಹುದು, ಅರೆಹೊಟ್ಟೆಯಲ್ಲಿಟ್ಟರೆ ಮುನಿಯುವುದಿಲ್ಲ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜು ಮಾಡಬಾರದು. ಮಾಡಿದರೆ ಒಳಗೆ ಕೆಡುವುದು. ಅದರ ಹಸಿವು ದೊಡ್ಡದಾದ್ದರಿಂದ ಇಂಜಿನ್ನಿನ ಆಲ್ಟರ್ನೇಟರನ್ನೇ ಸುಟ್ಟೀತು. ಪ್ರವಾಹವನ್ನು ಹದಕ್ಕೆ ತರುವ ಯಂತ್ರವೊಂದು ನಡುವೆ ಇರಬೇಕು. ಇಂಧನವನ್ನುಳಿಸಲು ಆಲ್ಟರ್ನೇಟರಿನ ವೋಲ್ಟೇಜನ್ನು ಆಗಾಗ ತಗ್ಗಿಸುವ ಈಚಿನ ಗಾಡಿಗಳಲ್ಲಂತೂ, ಬ್ಯಾಟರಿ ಯಾವ ಜಾತಿಯದಾದರೂ, ಆ ಯಂತ್ರವಿದ್ದರೇ ವಾಸಿ. ನಮ್ಮ ಹಳೆಯ ಗಾಡಿಗೂ ಚಳಿಯ ದಾರಿಗೂ ಸೀಸವೇ ಸಾಕೆಂದು ತೀರ್ಮಾನವಾಯಿತು.

ಕೆಲಸ ಮುಗಿದ ಸಂಜೆ ಮತ್ತೆ ಅಳೆದೆವು. ಇಂಜಿನ್ನಿನಿಂದ ೪೦ ಆಂಪಿಯರು ಹರಿಯುತ್ತಿದ್ದರೂ ದಾರಿಯಲ್ಲಿ ಕರಗಿದ್ದು ಕಾಲು ವೋಲ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ವೃದ್ಧರು ಹಣವನ್ನು ಮುಟ್ಟಲಿಲ್ಲ. ನನ್ನ ಮಡದಿ ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಹೊರಡುವಾಗ ಅವರು ಹೇಳಿದ ಮಾತು: “ಕೊನೆಯ ಕಾಲು ಪಾಲು ತುಂಬಲು ಇಂಜಿನ್ನನ್ನು ಸುಡಬೇಡಿ. ಬೆಳಿಗ್ಗೆ ಇಂಜಿನ್ನಿನಿಂದ ದೊಡ್ಡ ತುತ್ತುಗಳನ್ನು ಕೊಡಿ. ಉಳಿದದ್ದನ್ನು ಸೂರ್ಯನಿಗೆ ಬಿಡಿ. ಅವನಿಗೆ ಅವಸರವಿಲ್ಲ.”

ಪರೀಕ್ಷೆ ಆದದ್ದು ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ. ಕೈಕಾಲು ತಿರುಚಿಕೊಂಡ ವಿಚಿತ್ರ ಗಿಡಗಳ ನಡುವೆ, ಆನೆಗಳು ಮಲಗಿದಂತೆ ದುಂಡುಬಂಡೆಗಳು. ನಮ್ಮ ರಾಮನಗರದ ಬೆಟ್ಟಗಳು ನೆನಪಾದವು. ಆ ಎತ್ತರದಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಅಲ್ಲಿಯೂ ವಿದ್ಯುತ್ತಿಲ್ಲ. ಊಟವಾದ ಮೇಲೆ ಹೊರಗೆ ನಿಂತು ನಕ್ಷತ್ರಗಳನ್ನು ನೋಡಿದೆವು. ಒಳಗೆ ಬಂದು ನಾನು ಲೆಕ್ಕದ ಯಂತ್ರವನ್ನು ನೋಡಿದೆನು. ಮಲಗುವ ಮುಂಚೆ ಮತ್ತೊಮ್ಮೆ ನೋಡಿದೆನು. ಮಡದಿ ಔಷಧಿಯ ಸೀಸೆಗಳನ್ನು ತಂಪುಪೆಟ್ಟಿಗೆಯಲ್ಲೇ ಇಟ್ಟು ಬಾಗಿಲು ಹಾಕಿ, ಶಾಲನ್ನು ಮಾತ್ರ ತಲೆದಿಂಬಿನ ಪಕ್ಕದಲ್ಲಿರಿಸಿಕೊಂಡಳು. ಅವಳ ಎಚ್ಚರಿಕೆಯನ್ನು ನಾನು ತಪ್ಪೆನ್ನಲಾರೆ.

ರಾತ್ರಿಯೆಲ್ಲ ಬಿಸಿಗಾಳಿಯ ಫ್ಯಾನು ನಡೆದು ನಿಂತು, ನಡೆದು ನಿಂತು ಸದ್ದು ಮಾಡುತ್ತಿತ್ತು. ಬೆಳಿಗ್ಗೆ ಎದ್ದಾಗ ಖರ್ಚಾಗಿದ್ದುದು ೫೫ ಆಂಪಿಯರ್-ಗಂಟೆ; ಮುಕ್ಕಾಲು ಪಾಲು ಉಳಿದಿತ್ತು. ಮೊದಲ ಒಂದು ಗಂಟೆಯ ದಾರಿಯಲ್ಲೇ ಮೂವತ್ತರಷ್ಟು ಮರಳಿ ಬಂತು. ಮಿಕ್ಕದ್ದನ್ನು ಸಾಯಂಕಾಲದೊಳಗೆ ಸೂರ್ಯನು ನಿಧಾನವಾಗಿ ತುಂಬಿದನು. ಆ ಬೆಳಿಗ್ಗೆ ಕಾಫಿಯ ಲೋಟವನ್ನು ನನ್ನ ಕೈಗೆ ಕೊಡುತ್ತ ಮಡದಿ, “ನಿನ್ನೆ ಮಲಗಿದ ಮೇಲೆ ಒಂದು ಸಲವೂ ಏಳಲಿಲ್ಲ ನೋಡಿ” ಎಂದಳು. ಗ್ರ್ಯಾಂಡ್ ಕ್ಯಾನ್ಯನ್ನಿನ ರಾತ್ರಿಯ ವಿಷಯವಾಗಿ ಅವಳು ಆಡಿದ ಮಾತು ಅದೊಂದೇ.

ಮೈಸೂರಿಗೆ ಹಿಂತಿರುಗಿದ ಮರುದಿನ ನಮ್ಮ ಮನೆಯ ಮೆಟ್ಟಿಲಿನ ಕೆಳಗಿದ್ದ ಇನ್ವರ್ಟರಿನ ಬ್ಯಾಟರಿಯ ಮುಚ್ಚಳವನ್ನು ತೆಗೆದೆನು. ಈಗ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಇದೆ. ಅನೇಕ ಕಡೆ ಅದೂ ಸೀಸದ್ದೇ, ಅದೂ ಗೃಹಿಣಿಯ ಜಾತಿಯದೇ. ಎರಡು ಕೊಂಬುಗಳಲ್ಲೂ ಬಿಳಿ ಹಸಿರಿನ ಬೂಷ್ಟು. ಎರಡು ಕೋಶಗಳಲ್ಲಿ ನೀರು ಗುರುತಿಗಿಂತ ಕೆಳಗೆ. ಯಂತ್ರವನ್ನು ನಿಲ್ಲಿಸಿ, ತಂತಿಗಳನ್ನು ಬಿಚ್ಚಿ, ಅಡಿಗೆಸೋಡವನ್ನು ನೀರಿನಲ್ಲಿ ಕದಡಿ, ಕೋಶಗಳೊಳಗೆ ಒಂದು ಹನಿಯೂ ಬೀಳದಂತೆ ಕೊಂಬುಗಳನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಿಗಿದು, ಬಟ್ಟಿಯಿಳಿಸಿದ ನೀರನ್ನು ಗುರುತಿನವರೆಗೆ ತುಂಬಿದೆನು. ಚಾರ್ಜಾಗುವಾಗ ಹೊತ್ತಿಕೊಳ್ಳುವ ಜಲಜನಕ ಅನಿಲ ಹೊರಡುವುದರಿಂದ ಪಕ್ಕದ ಕಿಟಕಿಯನ್ನು ತೆರೆದಿರಿಸಿ, ಅಲ್ಲಿ ಸಂಜೆಯ ದೀಪ ಹಚ್ಚಿಡುತ್ತಿದ್ದ ಗೂಡನ್ನು ಬೇರೆಡೆಗೆ ಸಾಗಿಸಿದೆನು. ಕೆಲಸ ಒಂದು ಗಂಟೆಯದು; ಅದನ್ನು ಆರು ವರ್ಷ ಮಾಡಿರಲಿಲ್ಲ.

ಅಜ್ಜನವರು ಪ್ರತಿ ಸಂಜೆಯೂ ಲಾಂದ್ರವನ್ನು ಅಲುಗಾಡಿಸಿ ಎಣ್ಣೆಯ ಸದ್ದನ್ನು ಕೇಳಿಯೇ ಗಾಡಿಗೆ ಕಟ್ಟುತ್ತಿದ್ದರಂತೆ. ನಾನು ಈಗ ತಿಂಗಳ ಮೊದಲ ಭಾನುವಾರ ಬ್ಯಾಟರಿಯನ್ನು ನೋಡುವುದೆಂದು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಟ್ಟಿದ್ದೇನೆ.